ಇಬ್ಬರ ಪೇಪರಿನಲ್ಲಿ ಒಂದೇ ಮಾತು

ವಿದೇಶದ ಆ ವಿಶ್ವವಿದ್ಯಾಲಯದ ನಿಯಮಗಳ ಪುಸ್ತಕವನ್ನು ನಾನು ಓದಿದ್ದು ಹುಣಸೂರಿನಲ್ಲಿ, ಅಬ್ಬಾನ ಮರದ ಅಂಗಡಿಯ ಹಿಂದೆಯೇ ಅಂಟಿಕೊಂಡ ನಮ್ಮ ಮನೆಯ ಕೋಣೆಯಲ್ಲಿ. ಮುಂದುಗಡೆ ಗರಗಸ ಓಡುತ್ತಿದ್ದರೆ ಮರದ ಹೊಟ್ಟು ಒಳಗಿನ ಮೇಜಿನವರೆಗೂ ಬಂದು ಕೂರುತ್ತಿತ್ತು. ಪುಸ್ತಕವೆಂದರೆ ಕೈಯಲ್ಲಿ ಹಿಡಿಯುವ ಪುಸ್ತಕವಲ್ಲ, ಮೇಲ್‌ನಲ್ಲಿ ಬಂದ ಎಪ್ಪತ್ತು ಚಿಲ್ಲರೆ ಪುಟಗಳ ಫೈಲು. ಇಂಟರ್‌ನ್ಯಾಷನಲ್ ಬಿಸಿನೆಸ್ ಓದಲು ಹೊರದೇಶಗಳಿಂದ ಬರುವವರು ಅದನ್ನು ಪೂರ್ತಿ ಓದಿ, ಓದಿದ್ದೇನೆ ಎಂದು ಕೊನೆಯ ಪುಟದಲ್ಲಿ ಸಹಿ ಮಾಡಿ ಕಳಿಸಬೇಕಿತ್ತು.

ಎಷ್ಟು ತರಗತಿ ತಪ್ಪಿಸಿದರೆ ಏನಾಗುತ್ತದೆ, ಅಂಕ ಯಾವ ಮಟ್ಟಕ್ಕಿಂತ ಕೆಳಗಿಳಿದರೆ ಎಚ್ಚರಿಕೆ, ಎರಡನೇ ಸಲ ಇಳಿದರೆ ವಾಪಸು ಊರಿಗೆ. ಮೇಲ್ ಬಂದರೆ ಎರಡು ದಿನದೊಳಗೆ ಉತ್ತರ ಕೊಡಬೇಕು. ಪಾಠ ಹೇಳುವವರನ್ನು ಹೆಸರು ಹಿಡಿದು ಕರೆಯಬಹುದು. ಇದೊಂದನ್ನು ಓದಿ ನಕ್ಕೆ. ಮುಂದಿನ ಪುಟಗಳಲ್ಲಿ ನಗುವಂಥದ್ದು ಇರಲಿಲ್ಲ. ಇನ್ನೊಬ್ಬರ ಮಾತನ್ನು ತನ್ನದೆಂದು ಬರೆಯುವುದು ಎಷ್ಟು ಬಗೆಯದು, ಯಾವುದಕ್ಕೆ ಯಾವ ಶಿಕ್ಷೆ ಎಂಬುದಕ್ಕೇ ಹನ್ನೊಂದು ಪುಟ. ಒಂದು ಸಾಲನ್ನು ಎರಡು ಸಲ ಓದಿದೆ: ತನ್ನ ಬರಹವನ್ನು ಇನ್ನೊಬ್ಬರಿಗೆ ಕೊಟ್ಟವರೂ ತೆಗೆದುಕೊಂಡವರಷ್ಟೇ ತಪ್ಪಿತಸ್ಥರು.

ಆ ಸಾಲು ನನಗೆ ತಮಾಷೆಯಾಗಿ ಕಂಡಿತು. ನಾನು ಓದಿದ ಕಾಲೇಜಿನಲ್ಲಿ ನೋಟ್ಸ್ ಕೊಡದವಳನ್ನು ಜಂಬದವಳು ಅನ್ನುತ್ತಿದ್ದರು. ಲೆಕ್ಚರರ್ ಹೇಳಿ ಬರೆಸಿದ್ದನ್ನು ಅಕ್ಷರ ಬಿಡದೆ ಒಪ್ಪಿಸಿದವಳಿಗೆ ಹೆಚ್ಚು ಅಂಕ. ಮೂರು ವರ್ಷ ಹೆಚ್ಚು ಅಂಕ ಬಂದದ್ದು ನನಗೇ. ಸಹಿ ಮಾಡಿ ಕಳಿಸಿದೆ.

ಗೆಳತಿಯೂ ಅದೇ ವಾರ ಸಹಿ ಮಾಡಿದಳು. ಅವಳು ಪಿರಿಯಾಪಟ್ಟಣದ ಕಡೆಯ ಹಳ್ಳಿಯವಳು, ಹೊಗೆಸೊಪ್ಪು ಬೆಳೆಯುವವರ ಮನೆಯ ಮಗಳು. ಬಿ.ಕಾಂ. ಮೂರೂ ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಅರ್ಜಿಯನ್ನೂ ಜೊತೆಯಲ್ಲೇ ಹಾಕಿದೆವು. ಮೈಸೂರಿನ ಒಂದು ಕನ್ಸಲ್ಟೆನ್ಸಿಯವರು ಇಬ್ಬರಿಗೂ ಹೊಸ ಮೇಲ್ ಖಾತೆ ತೆರೆದು, ಪಾಸ್‌ವರ್ಡನ್ನು ತಾವೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದರು. ಜನವರಿಯಲ್ಲಿ ಹೊರಡುವುದು. ಅದಕ್ಕೆ ಮುಂಚೆ ಊರಿನಿಂದಲೇ ಆರು ವಾರ ಆನ್‌ಲೈನ್ ತರಗತಿ. ಅದರಲ್ಲಿ ಪಾಸಾದರೆ ಮಾತ್ರ ಸೀಟು ಗಟ್ಟಿ. ಆ ಆರು ವಾರದಲ್ಲಿ ಅವರು ಕಲಿಸಿದ್ದು ವ್ಯಾಪಾರಕ್ಕಿಂತ ಹೆಚ್ಚಾಗಿ ನಿಯಮಗಳನ್ನೇ.

ಕೊನೆಗೆ ಒಂದು ಪೇಪರ್ ಬರೆಯಬೇಕಿತ್ತು. ನಿಮ್ಮ ಊರಿನಿಂದ ಗಡಿ ದಾಟಿ ಹೋಗುವ ಒಂದು ಸರಕನ್ನು ಆರಿಸಿಕೊಳ್ಳಿ, ಅದನ್ನು ಮೊದಲು ಮುಟ್ಟುವ ಕೈ ಯಾರದೋ ಅವರನ್ನು ಖುದ್ದಾಗಿ ಮಾತನಾಡಿಸಿ, ನಿಮ್ಮ ಮಾತಿನಲ್ಲಿ ಬರೆಯಿರಿ.

ಗೆಳತಿ ಹೊಗೆಸೊಪ್ಪು ಎಂದಳು. ನಾನು ಶುಂಠಿ ಎಂದೆ.

ಅವಳು ತನ್ನ ಅಪ್ಪನನ್ನು ಮಾತನಾಡಿಸುವ ದಿನ ನನ್ನನ್ನೂ ಊರಿಗೆ ಕರೆದಳು. ಅಕ್ಟೋಬರ್ ತಿಂಗಳು, ಮನೆ ಹಿಂದಿನ ಬ್ಯಾರನ್ ಉರಿಯುತ್ತಿತ್ತು. ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಸಾಲಾಗಿ ತೂಗುಹಾಕಿ, ಹೊರಗಿನ ಒಲೆಯ ಬಿಸಿಯಲ್ಲಿ ದಿನಗಟ್ಟಲೆ ಹದ ಮಾಡುವ ಎತ್ತರದ ಕೋಣೆ ಅದು. ಅವಳ ಅಪ್ಪ ಗೋಡೆಗೆ ಒರಗಿ ಕುಕ್ಕುರುಗಾಲಲ್ಲಿ ಕೂತು ಸೌದೆ ತಳ್ಳುತ್ತಿದ್ದರು. ಅವಳು ಉದ್ದ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ.

"ಬಿಸಿ ಎಷ್ಟು ಏರ್ಸಬೇಕು ಅಂತ ಎಂಗೆ ಗೊತ್ತಾಯ್ತದಪ್ಪ?" ಎಂದು ಕೇಳಿದಳು.

"ಅದು ಮೂಗಲ್ಲಿದೆ ಕಣ್ಮಗ. ಮೀಟ್ರು ಆಮ್ಯಾಕೆ ನೋಡ್ತೀನಿ. ಸೊಪ್ಪು ಅಳ್ದಿ ತಿರುಗೋವಾಗ ಒಂದು ವಾಸ್ನೆ ಬತ್ತದೆ. ಅದನ್ನ ಇಡೀಲಿಲ್ಲ ಅಂದ್ರೆ ಆ ಬ್ಯಾರನ್ನೇ ಓಯ್ತು. ನಿಮ್ಮಜ್ಜ ಕಣ್ಣು ಕಾಣ್ದಿದ್ರೂವೆ ಇಲ್ಲಿ ಕೂತ್ಕಂಡು ಏಳೋರು, ಸೌದೆ ಇಕ್ಕು, ಸೌದೆ ತಗಿ ಅಂತ."

ಅವಳು ಅದನ್ನು ಹಾಗೇ ಬರೆದುಕೊಂಡಳು. ನನಗೂ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಕೇಳಿದ್ದೇನೆ, ಹಾಗಾಗಿ ನನ್ನದೂ ಹೌದು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡದ್ದು ಇದರ ಆಧಾರದಲ್ಲೇ.

ನನ್ನ ಶುಂಠಿಯ ಕತೆ ಬೇಗ ಮುಗಿಯಿತು. ಸರಗೂರಿನ ಹತ್ತಿರ ಶುಂಠಿ ಬೆಳೆಯುವವರೊಬ್ಬರನ್ನು ನೋಡಲು ಬಸ್ಸು ಹತ್ತಿ ಹೋದೆ. ಅವರು ಲಾರಿಗೆ ಲೋಡು ಮಾಡಿಸುವ ಗಡಿಬಿಡಿಯಲ್ಲಿದ್ದರು. "ಗುರುವಾರ ಬನ್ನಿ ಕಣಮ್ಮ, ಕೂತ್ಕಂಡು ಮಾತಾಡಣ" ಎಂದರು. ಗುರುವಾರ ನಾನು ಹೋಗಲಿಲ್ಲ. ಕಾರಣವೇನೂ ಇರಲಿಲ್ಲ. ಬರೆಯುವುದರಲ್ಲಿ ನಾನು ಯಾವಾಗಲೂ ಮುಂದೆ, ಒಂದು ದಿನದಲ್ಲಿ ಮುಗಿಸುತ್ತೇನೆ ಎಂಬ ಧೈರ್ಯ. ಪೇಪರ್ ಕಳಿಸುವ ಗಡುವಿಗೆ ಒಂದು ದಿನ ಉಳಿದಾಗ ಕೂತೆ. ಒಂದು ಸಾಲೂ ಹೊರಡಲಿಲ್ಲ. ಯಾರೂ ಹೇಳಿ ಬರೆಸದಿದ್ದರೆ ನನಗೆ ಬರೆಯಲು ಬರುವುದಿಲ್ಲ ಎಂದು ಗೊತ್ತಾದದ್ದು ಅವತ್ತು.

ಮಧ್ಯಾಹ್ನ ಅವಳ ಫೋನು ಬಂತು. ಅವರ ಊರಲ್ಲಿ ನೆಟ್‌ವರ್ಕ್ ಸಿಗುವುದು ಕೆರೆ ಏರಿಯ ಮೇಲೆ ಮಾತ್ರ.

"ಲೇ, ನಂದು ಮುಗೀತು ಕಣೇ. ಮೇಲ್‌ನಲ್ಲಿ ಕಳುಸ್ತೀನಿ, ಎಂಗೆ ಎಡ್ಡಿಂಗ್ ಆಕೀನಿ ನೋಡ್ಕೊ. ನೋಡಿ ಡಿಲೀಟ್ ಮಾಡ್ಬುಡು."

"ಕೊಡಬಾರದು ಅಂತ ರೂಲ್ ಇದೆಯಲ್ಲೇ."

"ನಿಂಗೆ ತಾನೆ ಕೊಡ್ತಿರೋದು, ಬುಡು. ನಾನು ನಾಳೆ ಬೆಳಿಗ್ಗೆ ಇನ್ನೊಂದ್ಸಲ ಓದ್ಬುಟ್ಟು ಆಕ್ತೀನಿ."

ಗಡುವು ಅಲ್ಲಿನ ನಡುರಾತ್ರಿ. ನಮಗೆ ಅದು ಬೆಳಿಗ್ಗೆ ಒಂಬತ್ತೂವರೆ. ನಾನು ಅಷ್ಟು ಹೊತ್ತು ಕಾಯಲಿಲ್ಲ. ಸಂಜೆ ಐದು ಗಂಟೆಗೆ ನನ್ನ ಪೇಪರ್ ಹೋಯಿತು, ಹೊಗೆಸೊಪ್ಪಿನ ಮೇಲೆ. ಮೊದಲ ಮತ್ತು ಕೊನೆಯ ಪುಟ ನನ್ನವು. ನಡುವಿನದು ಅವಳದು. ಅವಳ ಅಪ್ಪನನ್ನು 'ಹುಣಸೂರು ಬಳಿಯ ಒಬ್ಬ ಬೆಳೆಗಾರ' ಎಂದು ಬದಲಾಯಿಸಿದೆ. ಮೂಗಿನ ಮಾತು, ಅಜ್ಜನ ಮಾತು ಹಾಗೇ ಉಳಿದವು, ಅವಳು ಇಂಗ್ಲಿಷಿನಲ್ಲಿ ಕಷ್ಟಪಟ್ಟು ಕಟ್ಟಿದ ವಾಕ್ಯಗಳಲ್ಲೇ. ಅವಳ ಹಳ್ಳಿಯ ಮನೆಯ ಮಾತು ಅಷ್ಟು ದೂರದಲ್ಲಿ ಯಾರು ಗುರುತು ಹಿಡಿಯುತ್ತಾರೆ ಎಂದುಕೊಂಡೆ. ಅಲ್ಲಿ ಗುರುತು ಹಿಡಿಯುವುದು ಮನುಷ್ಯರಲ್ಲ, ಎಲ್ಲ ಪೇಪರುಗಳನ್ನೂ ಒಂದಕ್ಕೊಂದು ಹೋಲಿಸುವ ಯಂತ್ರ ಎಂದು ಆ ಹನ್ನೊಂದು ಪುಟಗಳಲ್ಲೇ ಬರೆದಿತ್ತು.

ಐದನೇ ದಿನ ಇಬ್ಬರಿಗೂ ಮೇಲ್ ಬಂತು. ನನ್ನದನ್ನು ಅಂಗಡಿಯಲ್ಲಿ ನಿಂತೇ ಓದಿದೆ. ನೀವು ಸಲ್ಲಿಸಿದ ಬರಹದ ಭಾಗಗಳು ನಿಮ್ಮ ನಂತರ ಸಲ್ಲಿಸಿದ ಇನ್ನೊಬ್ಬರ ಪೇಪರಿನಲ್ಲಿ ಕಂಡುಬಂದಿವೆ. ಸದ್ಯಕ್ಕೆ ನಿಮ್ಮ ಮೇಲೆ ಯಾವ ಆರೋಪವೂ ಇಲ್ಲ. ವಿಚಾರಣೆ ಮುಗಿಯುವವರೆಗೆ ಈ ವಿಷಯವನ್ನು ಯಾರೊಂದಿಗೂ ಚರ್ಚಿಸಬಾರದು.

ಮೂರು ಸಲ ಓದಿದ ಮೇಲೆ ಅರ್ಥವಾಯಿತು. ನಾನು ಮೊದಲು ಕಳಿಸಿದ್ದೆ. ಅವರ ದಾಖಲೆಯಲ್ಲಿ ಆ ಮಾತುಗಳು ನನ್ನವು. ಕದ್ದವಳು ಅವಳು.

ಸ್ವಲ್ಪ ಹೊತ್ತಿಗೇ ಅವಳ ಫೋನು ಬಂತು. ಏರಿಯ ಮೇಲಿನ ಗಾಳಿಯ ಸದ್ದಿನ ನಡುವೆ ಅವಳ ದನಿ ತುಂಡುತುಂಡಾಗಿ ಕೇಳುತ್ತಿತ್ತು.

"ಯಾರೋ ನನ್ಕಿಂತ ಮುಂಚೆ ಅದ್ನೇ ಬರ್ದವ್ರಂತೆ ಕಣೇ. ನಮ್ಮಪ್ಪ ಏಳಿದ್ದು, ನಮ್ಮಜ್ಜನ ವಿಷ್ಯ, ಎಲ್ಲಾ. ಯಾರ್ಗೆ ಗೊತ್ತಿತ್ತು ಅದು? ವಿಚಾರಣೆ ಅಂತೆ, ಸೋಮವಾರ. ನಂದು ಅಂತ ತೋರಿಸ್ದೆ ಇದ್ರೆ ಸೀಟು ಓಯ್ತದೆ."

ನಾನು ಶುಂಠಿಯ ಮೇಲೆ ಬರೆದಿದ್ದೇನೆ ಎಂದೇ ಅವಳು ನಂಬಿದ್ದಳು.

"ಆ ಕನ್ಸಲ್ಟೆನ್ಸಿಯವ್ರತ್ರ ನಮ್ ಪಾಸ್‌ವರ್ಡ್ ಐತಲ್ಲ. ಅವ್ರೇ ತೆಗ್ದು ಇನ್ಯಾರ್ಗೋ ಕೊಟ್ಟವ್ರೆ ಅನ್ಸುತ್ತೆ. ಏನಂತೀಯ?"

"ಇರಬಹುದು" ಎಂದೆ.

ನಾನು ಹೇಳಿದ ಸುಳ್ಳು ಇಷ್ಟೇ, ಒಂದು ಪದ. ಯಾರೊಂದಿಗೂ ಚರ್ಚಿಸಬಾರದು ಎಂಬ ಸಾಲು ನನ್ನನ್ನು ಕಾಪಾಡುತ್ತದೆ ಎಂದುಕೊಂಡೆ. ನಿಯಮ ಮುರಿದವಳಿಗೆ ಅದೇ ಪುಸ್ತಕದ ಇನ್ನೊಂದು ನಿಯಮದ ಹಿಂದೆ ಬಚ್ಚಿಟ್ಟುಕೊಳ್ಳಲು ಜಾಗ ಸಿಕ್ಕಿತ್ತು.

ಸೋಮವಾರದವರೆಗಿನ ಆ ನಾಲ್ಕು ದಿನಗಳಲ್ಲಿ ಹೊರಗೆ ಏನೂ ಆಗಲಿಲ್ಲ. ಅದೇ ಹೆಚ್ಚು ಹೆದರಿಸಿತು. ಅಮ್ಮಿ ಬಟ್ಟೆ ಹೊಲಿಸಲು ಕೊಟ್ಟಳು. ಅಬ್ಬಾ ಅಂಗಡಿಗೆ ಬಂದವರಿಗೆಲ್ಲ ನಾನು ಓದಲು ಹೊರದೇಶಕ್ಕೆ ಹೋಗುವ ವಿಷಯ ಹೇಳುತ್ತಿದ್ದ. ನಾನು ಒಳಗಿನ ಕೋಣೆಯಲ್ಲಿ ಕೂತು ಕೇಳುತ್ತಿದ್ದೆ. ಫೋನು ಒಮ್ಮೆ ಕಿಣಿ ಎಂದರೆ ಯಾರದೆಂದು ನೋಡಿ ಆಮೇಲೆ ಎತ್ತುತ್ತಿದ್ದೆ. ನಿಯಮದ ಪುಸ್ತಕವನ್ನು ಮತ್ತೆ ತೆರೆದು, ತಾನಾಗಿ ಒಪ್ಪಿಕೊಂಡವರಿಗೆ ಶಿಕ್ಷೆ ಕಡಿಮೆಯೇ ಎಂದು ಹುಡುಕಿದೆ. ಪರಿಗಣಿಸಬಹುದು ಎಂದಿತ್ತು. ಕಡಿಮೆ ಎಂದು ಎಲ್ಲೂ ಇರಲಿಲ್ಲ. ಪುಸ್ತಕ ಮುಚ್ಚಿದೆ.

ಶನಿವಾರ ಅವಳು ಮತ್ತೆ ಫೋನು ಮಾಡಿದಳು.

"ನಮ್ಮೂರಲ್ಲಿ ವಿಡಿಯೊ ನಿಲ್ಲಲ್ಲ. ವಿಚಾರಣೆಗೆ ನಿಮ್ಮನೇಲೇ ಕೂತ್ಕಬೋದಾ? ನೀನು ಪಕ್ದಲ್ಲಿದ್ರೆ ನಂಗೂ ಧೈರ್ಯ."

ಬೇಡ ಎನ್ನಲು ನನಗೆ ಯಾವ ಕಾರಣವೂ ಸಿಗಲಿಲ್ಲ.

ಸೋಮವಾರ ಸಂಜೆ ಅವಳನ್ನು ಅವಳ ಅಪ್ಪನೇ ಬೈಕಿನಲ್ಲಿ ಕರೆತಂದರು. ಅವರು ಅಂಗಡಿಯಲ್ಲಿ ಅಬ್ಬಾನ ಜೊತೆ ಕೂತರು. ಬ್ಯಾರನ್ನಿನ ಬಾಗಿಲು ಬಿಸಿಗೆ ಸೊಟ್ಟಗಾಗಿದೆ, ಯಾವ ಮರ ಹಾಕಿದರೆ ನಿಲ್ಲುತ್ತದೆ ಎಂದು ಇಬ್ಬರ ಮಾತು. ಅಮ್ಮಿ ಮಂಚದ ಮೇಲೆ ಒಗೆದ ಹೊದಿಕೆ ಹಾಸಿ, ಗೋಡೆ ಚೆನ್ನಾಗಿ ಕಾಣುವ ಕಡೆಗೆ ಕುರ್ಚಿ ಇಟ್ಟಳು. ಗೆಳತಿ ಕಾಲೇಜಿನ ಕಡೆಯ ದಿನ ಉಟ್ಟಿದ್ದ ಸೀರೆಯಲ್ಲೇ ಬಂದಿದ್ದಳು. ಚೀಲದಿಂದ ಆ ಉದ್ದ ನೋಟ್‌ಬುಕ್ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ಏಳೂವರೆಗೆ ಅವಳ ಫೋನಿನ ಪರದೆಯಲ್ಲಿ ಮೂರು ಮುಖಗಳು ಬಂದವು. ನರೆತ ಕೂದಲಿನ ಒಬ್ಬ ಹೆಂಗಸು, ಒಬ್ಬ ಗಂಡಸು, ವಿದ್ಯಾರ್ಥಿಯಂತೆ ಕಾಣುವ ಇನ್ನೊಬ್ಬರು. ಮಾತನಾಡಿದ್ದೆಲ್ಲ ಆ ಹೆಂಗಸೇ. ನಾನು ಕ್ಯಾಮೆರಾಕ್ಕೆ ಕಾಣದ ಹಾಗೆ ಬಾಗಿಲ ಬಳಿ ನಿಂತಿದ್ದೆ. ಅವರು ಒರಟಾಗಿ ಮಾತನಾಡಲಿಲ್ಲ.

ಬರೆಯುವಾಗಿನ ಕರಡು ಇದೆಯೇ ಎಂದು ಕೇಳಿದರು. ಗೆಳತಿ ನೋಟ್‌ಬುಕ್ ಎತ್ತಿ ಹಿಡಿದಳು. ಪುಟ ತಿರುಗಿಸಿದಳು. ಅವಳ ದುಂಡಗಿನ ಕನ್ನಡ ಅಕ್ಷರಗಳು.

ಇದನ್ನು ನಾವು ಓದಲಾರೆವು, ಇದರ ಮೇಲೆ ದಿನಾಂಕವಿದೆಯೇ ಎಂದರು ಆ ಹೆಂಗಸು. ಇರಲಿಲ್ಲ.

ಆಮೇಲೆ ಆ ಪ್ರಶ್ನೆ. ಸಲ್ಲಿಸುವ ಮುಂಚೆ ನಿಮ್ಮ ಪೇಪರನ್ನು ಯಾರಿಗಾದರೂ ಕೊಟ್ಟಿದ್ದಿರಾ?

ಗೆಳತಿಯ ಕಣ್ಣು ನನ್ನ ಕಡೆ ಬಂದು ಹಿಂದಕ್ಕೆ ಹೋಯಿತು. ಕೊಟ್ಟವರೂ ತಪ್ಪಿತಸ್ಥರು ಎಂಬ ಸಾಲು ಅವಳಿಗೂ ಗೊತ್ತಿತ್ತು. ನನ್ನ ಹೆಸರು ಹೇಳಿದರೆ ನನಗೂ ತೊಂದರೆಯಾದೀತು ಎಂದು ಅವಳು ಹಿಂಜರಿದಳೆಂದು ನನಗೆ ಆ ಕ್ಷಣವೇ ತಿಳಿಯಿತು.

"ನೋ ಮೇಡಂ" ಎಂದಳು.

ಆ ಹೆಂಗಸು ಅದನ್ನು ಬರೆದುಕೊಂಡರು. ಈ ಉತ್ತರ ಮುಂದೆ ಸುಳ್ಳೆಂದು ತಿಳಿದರೆ ಅದು ಎರಡನೇ ತಪ್ಪಾಗುತ್ತದೆ, ಇನ್ನೊಮ್ಮೆ ಯೋಚಿಸಿ ಹೇಳುತ್ತೀರಾ ಎಂದರು. ಗೆಳತಿ ತಲೆಯಾಡಿಸಿ ಇಲ್ಲ ಎಂದಳು.

ನಾನು ಧೈರ್ಯ ಮಾಡಿ ಮುಂದೆ ಹೋದೆ ಎಂದು ಬರೆದರೆ ಅದೂ ಸುಳ್ಳು. ಅಲ್ಲಿ ನಿಂತಿರಲು ಆಗಲಿಲ್ಲ, ಅಷ್ಟೇ. ಎರಡು ಹೆಜ್ಜೆ ಇಟ್ಟೆ. ಪರದೆಯ ಮೂಲೆಯಲ್ಲಿ ಅವಳ ಭುಜದ ಹಿಂದೆ ನನ್ನ ಮುಖ ಕಂಡಿತು. ಮೊದಲು ಬಂದ ಪೇಪರ್ ನನ್ನದು, ಅದರ ನಡುವಿನ ಪುಟಗಳು ಇವಳು ಬರೆದದ್ದು, ನಾನು ತೆಗೆದುಕೊಂಡೆ ಎಂದೆ. ನನ್ನ ಇಂಗ್ಲಿಷು ಅಷ್ಟು ನೇರವಾಗಿ ಅದುವರೆಗೆ ಯಾವತ್ತೂ ಬಂದಿರಲಿಲ್ಲ.

ಹೆಂಗಸು ನನ್ನ ಹೆಸರು, ನೋಂದಣಿ ಸಂಖ್ಯೆ ಕೇಳಿ ಬರೆದುಕೊಂಡು, ದಯವಿಟ್ಟು ಈಗ ಕೋಣೆಯಿಂದ ಹೊರಗೆ ಹೋಗಿ ಎಂದರು. ಹೋದೆ. ಅಡುಗೆಮನೆಯಲ್ಲಿ ಅಮ್ಮಿ ಟೀ ಸೋಸುತ್ತಿದ್ದಳು. "ಮುಗಿಯಿತಾ?" ಎಂದಳು. ನಾನು ಲೋಟಗಳನ್ನು ತೆಗೆದು ಜೋಡಿಸತೊಡಗಿದೆ.

ಕಾಲು ಗಂಟೆಯ ಮೇಲೆ ಒಳಗೆ ಹೋದಾಗ ಗೆಳತಿ ಫೋನು ಮಗುಚಿಟ್ಟು ಮಂಚದ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಬೈಯಲಿಲ್ಲ.

"ಶುಂಠಿ ಏನಾಯ್ತು?" ಎಂದು ಕೇಳಿದಳು.

"ಬರೆಯಲಿಲ್ಲ."

"ಸರಗೂರಿಗೆ ಓಗಿದ್ದೆ ಅಂದೆ."

"ಒಂದು ಸಲ ಹೋಗಿದ್ದೆ. ಮತ್ತೆ ಹೋಗಲಿಲ್ಲ."

ಅವಳು ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡಳು. "ಕನ್ಸಲ್ಟೆನ್ಸಿಯವ್ರು ಅಂದಾಗ ಇರಬಹುದು ಅಂದಲ್ಲ ನೀನು" ಎಂದಳು, ಲೆಕ್ಕ ತಾಳೆ ನೋಡುವವಳ ಹಾಗೆ. ಅಮ್ಮಿ ತಂದ ಟೀ ಮುಟ್ಟಲಿಲ್ಲ. ಅಂಗಡಿಯ ಮುಂದೆ ಅವಳ ಅಪ್ಪ ಎದ್ದು ನಿಂತು, "ಆಯ್ತಾ ಮಗ?" ಎಂದರು. "ಆಯ್ತು, ನಡೀರಿ" ಎಂದು ಬೈಕಿನ ಹಿಂದೆ ಕೂತಳು.

ತೀರ್ಮಾನ ಬರಲು ಎರಡು ವಾರ ಹಿಡಿಯಿತು. ನನ್ನ ಸೀಟನ್ನು ಹಿಂದಕ್ಕೆ ಪಡೆದಿದ್ದರು. ಒಂದು ವರ್ಷದ ನಂತರ ಮತ್ತೆ ಅರ್ಜಿ ಹಾಕಬಹುದು, ಆದರೆ ಯಾವ ವಿಶ್ವವಿದ್ಯಾಲಯಕ್ಕೆ ಹಾಕಿದರೂ ಇದನ್ನು ತಿಳಿಸಬೇಕು. ಗೆಳತಿಯ ಸೀಟು ಉಳಿಯಿತು, ಆದರೆ ಸುಮ್ಮನೆ ಉಳಿಯಲಿಲ್ಲ. ಪೇಪರ್ ಕೊಟ್ಟದ್ದಕ್ಕೆ ಒಂದು, ವಿಚಾರಣೆಯಲ್ಲಿ ಇಲ್ಲ ಎಂದದ್ದಕ್ಕೆ ಒಂದು, ಎರಡು ಎಚ್ಚರಿಕೆಗಳು ಅವಳ ದಾಖಲೆಗೆ ಸೇರಿದವು. ಇನ್ನೊಂದು ಸಣ್ಣ ತಪ್ಪಾದರೂ ಮನೆಗೆ. ಅಲ್ಲಿನ ಒಂದೂ ತರಗತಿಯಲ್ಲಿ ಕೂರುವ ಮುಂಚೆಯೇ ಅವಳು ಅಂಚಿನ ಮೇಲೆ ನಿಂತಿದ್ದಳು, ನಿಲ್ಲಿಸಿದ್ದು ನಾನು. ಇದು ನನಗೆ ಗೊತ್ತಾದದ್ದು ಅವಳಿಂದಲ್ಲ, ಆ ಆನ್‌ಲೈನ್ ತರಗತಿಯ ಇನ್ನೊಬ್ಬ ಸಹಪಾಠಿಯಿಂದ.

ಅಬ್ಬಾನಿಗೆ ನಾನೇ ಹೇಳಿದೆ. ಮನೆಯಲ್ಲಿ ನಾವು ಆಡುವುದು ಉರ್ದು. ಅವನು ಅಂದದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು ಪೂರ್ತಿ ಕೇಳಿದ.

"ಅವಳ ತಂದೆ ಅವತ್ತು ಇದೇ ಬೆಂಚಿನ ಮೇಲೆ ಕೂತಿದ್ದರು" ಎಂದ. "ನಾನು ಬಾಗಿಲಿನ ಅಳತೆ ಕೇಳುತ್ತಿದ್ದೆ. ಒಳಗೆ ನನ್ನ ಮನೆಯಲ್ಲಿ ಅವರ ಮಗಳಿಗೆ ಏನಾಗುತ್ತಿದೆ ಅಂತ ನನಗೆ ಗೊತ್ತಿರಲಿಲ್ಲ."

ನನ್ನ ಸೀಟು ಹೋದದ್ದರ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. ಭಾನುವಾರ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅವರ ಊರಿಗೆ ಹೋದ. ಹೊಲಗಳಲ್ಲಿ ಸೊಪ್ಪು ಕಿತ್ತು ಮುಗಿದು ಬರೀ ಕಾಂಡಗಳು ನಿಂತಿದ್ದವು.

ಅವಳ ಅಪ್ಪ ಜಗಲಿಯ ಮೇಲೆ ಸೊಪ್ಪು ವಿಂಗಡಿಸುತ್ತಿದ್ದರು. ಅಬ್ಬಾ ನಿಂತುಕೊಂಡೇ ಕನ್ನಡದಲ್ಲಿ ಎಲ್ಲ ಹೇಳಿದ. ನಮ್ಮ ಮಗಳು ನಿಮ್ಮ ಮಗಳದ್ದನ್ನು ಕದ್ದಿದ್ದಾಳೆ, ಕ್ಷಮೆ ಕೇಳಲು ಬಂದಿದ್ದೇವೆ ಎಂದ. ಕದ್ದಿದ್ದಾಳೆ ಎಂಬ ಪದವನ್ನು ನಾನು ಅದುವರೆಗೆ ಬಳಸಿರಲಿಲ್ಲ.

ಅವರಿಗೆ ವಿಷಯವೇ ಗೊತ್ತಿರಲಿಲ್ಲ, ಅವತ್ತಿನದು ಏನೋ ಇಂಟರ್‌ವ್ಯೂ ಎಂದೇ ತಿಳಿದಿದ್ದರು. ಮಗಳು ಮನೆಯಲ್ಲಿ ಹೇಳಿರಲಿಲ್ಲ. ಕೇಳಿದ ಮೇಲೂ ಅವರಿಗೆ ಅದು ಸರಿಯಾಗಿ ಅರ್ಥವಾಗಲಿಲ್ಲ.

"ಕುತ್ಕಳಿ ಸಾಬ್ರೆ. ನಾನು ಏಳಿದ್ ಮಾತು ತಾನೆ ಅದು? ಇಬ್ರೂ ಇದ್ರು, ಇಬ್ರೂ ಕೇಳುಸ್ಕಂಡ್ರು. ಇಬ್ರೂ ಬರ್ಕಂಡ್ರೆ ನಂದೇನು ಕಳ್ದೋಯ್ತು?"

"ನೀವು ಹೇಳಿದ್ದು ಇಬ್ಬರಿಗೂ ಇರಬಹುದು" ಎಂದ ಅಬ್ಬಾ. "ಬರೆದಿದ್ದು ನಿಮ್ಮ ಮಗಳು ಒಬ್ಬಳೇ."

ಅವರು ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. ಒಳಗಿನಿಂದ ಗೆಳತಿ ಕಾಫಿ ಲೋಟಗಳನ್ನು ತಂದಳು. ಒಂದನ್ನು ಅಬ್ಬಾನಿಗೆ ಕೊಟ್ಟು, "ಎಂಗಿದೀರಿ?" ಎಂದು ಕೇಳಿದಳು. ಇನ್ನೊಂದನ್ನು ನನ್ನ ಪಕ್ಕದಲ್ಲಿ ಜಗಲಿಯ ಮೇಲೆ ಇಟ್ಟು ಒಳಗೆ ಹೋದಳು. ಜನವರಿಯಲ್ಲಿ ಅವಳು ಹೊರಟ ದಿನ ಯಾವುದೆಂದು ನನಗೆ ಗೊತ್ತಾಗಲಿಲ್ಲ.

ಅಲ್ಲಿ ಅವಳಿಗೆ ಸುಲಭವಾಗಿರಲಿಲ್ಲ ಎಂದು ಆಮೇಲೆ ಕೇಳಿದೆ. ಗುಂಪಿನಲ್ಲಿ ಮಾಡಬೇಕಾದ ಕೆಲಸ ಬಂದರೆ ತನ್ನ ಪಾಲನ್ನು ಕೊನೆಯ ಗಳಿಗೆಯವರೆಗೆ ಯಾರಿಗೂ ತೋರಿಸುತ್ತಿರಲಿಲ್ಲವಂತೆ. ಜೊತೆಯವರು ಅವಳನ್ನು ಸೇರಿಸಿಕೊಳ್ಳಲು ಹಿಂದುಮುಂದು ನೋಡುತ್ತಿದ್ದರಂತೆ. ನೋಟ್ಸ್ ಕೇಳಿದವರಿಗೆ ಎಂದೂ ಇಲ್ಲ ಎನ್ನದಿದ್ದ ಹುಡುಗಿ ಅವಳು. ಆದರೂ ಇನ್ನೊಂದು ಎಚ್ಚರಿಕೆ ಬೀಳದಂತೆ ಓದಿ ಮುಗಿಸಿದಳು. ಈಗ ಬಂದರಿನ ಊರೊಂದರಲ್ಲಿ ಸರಕು ಸಾಗಿಸುವ ಕಂಪನಿಯಲ್ಲಿದ್ದಾಳೆ.

ನಾನು ಮೈಸೂರಿನಲ್ಲಿ ಎಂ.ಕಾಂ. ಮಾಡಿ, ಕೆ.ಆರ್. ನಗರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಹೊರದೇಶಕ್ಕೆ ಅರ್ಜಿ ಹಾಕುವ ಹುಡುಗಿಯರು ಶಿಫಾರಸು ಪತ್ರ ಕೇಳಿಕೊಂಡು ಬರುತ್ತಾರೆ. ನಿಯಮದ ಪುಸ್ತಕ ತಂದು ತೋರಿಸಿ, ಇಷ್ಟೆಲ್ಲ ಓದಬೇಕಾ ಮೇಡಂ ಎಂದು ನಗುತ್ತಾರೆ. ನಾನು ಅವರನ್ನು ಕೂರಿಸಿ ಆ ಪುಟಗಳನ್ನು ಗಟ್ಟಿಯಾಗಿ ಓದಿಸುತ್ತೇನೆ. ಯಾಕೆಂದು ಹೇಳುವುದಿಲ್ಲ. ಓದುತ್ತ ಓದುತ್ತ ಅವರ ನಗು ಕಡಿಮೆಯಾಗುವುದನ್ನು ನೋಡುತ್ತೇನೆ.

ಈ ವರ್ಷ ನಾನೂ ಮತ್ತೆ ಅರ್ಜಿ ಹಾಕಲು ಕೂತೆ. ಹೆಸರು, ವಿಳಾಸ, ಅಂಕಗಳ ನಂತರ ಆ ಪ್ರಶ್ನೆ ಬಂತು: ಓದಿನ ನಿಯಮ ಮುರಿದದ್ದಕ್ಕೆ ಎಂದಾದರೂ ಶಿಕ್ಷೆಗೆ ಒಳಗಾಗಿದ್ದೀರಾ? ಹೌದು ಎಂದು ಗುರುತು ಹಾಕಿದ ಕೂಡಲೇ ಕೆಳಗೆ ಖಾಲಿ ಚೌಕವೊಂದು ತೆರೆಯಿತು, ವಿವರಿಸಿ ಎಂದು. ಬರೆಯತೊಡಗಿದಾಗ ಅದು ನನ್ನೊಬ್ಬಳ ಕತೆಯಲ್ಲ ಎಂದು ಹೊಳೆಯಿತು. ಅವಳ ಅಪ್ಪ, ಅವಳ ನೋಟ್‌ಬುಕ್, ಅವಳು ಇಲ್ಲ ಎಂದದ್ದು, ಎಲ್ಲ ಅದರಲ್ಲಿ ಬರುತ್ತಿತ್ತು. ಈ ಸಲ ಕೇಳದೆ ಬರೆಯಬಾರದು ಎನಿಸಿತು. ಅದೇ ಸಹಪಾಠಿಯಿಂದ ನಂಬರು ತೆಗೆದುಕೊಂಡು ಅವಳಿಗೆ ಮೆಸೇಜು ಕಳಿಸಿದೆ, ಬರೆಯಲೇ ಎಂದು. ಮೂರು ದಿನ ನೋಡಿದ ಗುರುತೂ ಬರಲಿಲ್ಲ. ನಾಲ್ಕನೇ ದಿನ ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ಉತ್ತರ ಬಂತು.

"ಬರಿ. ನನ್ನ ಎಸ್ರು ಮಾತ್ರ ಎಲ್ಲೂ ಬರಬಾರ್ದು."

ಹಾಗೇ ಬರೆದು ಕಳಿಸಿದೆ. ಅರ್ಜಿ ತಲುಪಿದೆ, ನಿಮ್ಮ ವಿವರಣೆಯನ್ನು ಸಮಿತಿಗೆ ಒಪ್ಪಿಸಲಾಗಿದೆ ಎಂದು ಮೇಲ್ ಬಂದಿದೆ. ಸಮಿತಿಯ ತೀರ್ಮಾನ ಇನ್ನೂ ಬಂದಿಲ್ಲ. ಬಂದಿರುವ ಮೇಲ್ ಯಂತ್ರ ಕಳಿಸಿದ್ದು, ಅದರ ಕೆಳಗೆ ಯಾರ ಸಹಿಯೂ ಇಲ್ಲ.